ಚೆಂಡುಹೂವಿನಲ್ಲಿ ಹೂವೆಷ್ಟು

ನಮ್ಮೂರ ನೀರಿಗೆ ಜಂಬ ಜಾಸ್ತಿ. ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಒಂದು ತೊಟ್ಟೂ ಕೆಳಗಿಳಿಯುವುದಿಲ್ಲ. ಊರ ನಡುವೆ ಕೇಳುಗಲ್ಲು ನಿಂತಿದೆ, ಆಳೆತ್ತರದ ಕರೀ ಬಂಡೆ. ಬೆಳಗಾಗುತ್ತಲೇ ಅದರ ಮೈಮೇಲೆ ಬೆವರಿನ ಹಾಗೆ ಅಕ್ಷರ ಮೂಡುತ್ತವೆ. ಮುಂದಿರುವ ಹೇಳುಮೆಟ್ಟಿಲ ಮೇಲೆ ನಿಂತು ಒಬ್ಬರು, ದಿನಕ್ಕೆ ಒಬ್ಬರೇ, ಒಂದೇ ಸಲ ಉತ್ತರ ಹೇಳಬೇಕು. ಸರಿಯಾದರೆ ಬಂಡೆಯ ಬುಡದ ತೂಬಿನಿಂದ ಹೊತ್ತು ಮುಳುಗುವ ತನಕ ನೀರು. ತಪ್ಪಿದರೆ ಅವತ್ತು ಊರೇ ಒಣಕಲು, ಮಾರನೆಯ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ.

ಇಂಥ ಊರಲ್ಲಿ ಹುಟ್ಟಿದವರ ನಾಲಿಗೆ ಬೇರೆ ಥರಾನೇ ಇರುತ್ತದೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು ಹೇಳಿಸುವುದಿಲ್ಲ, "ಆಕ್ಟೋಪಸ್ಸಿಗೆ ಎಷ್ಟು ಹೃದಯವಮ್ಮ?" ಅನ್ನುತ್ತಾರೆ. ಮೂರು ಅಂದರೆ ಮಾತು ಮುಂದುವರಿಯುತ್ತದೆ. ತೊಟ್ಟಿಲು ತೂಗುವ ಅಜ್ಜಿಯರು ಖಂಡಗಳ ಹೆಸರು ಹಾಡುತ್ತಾರೆ, ಅಂಟಾರ್ಕ್ಟಿಕಾ ಬರುವಷ್ಟರಲ್ಲಿ ಕೂಸು ಮಲಗಿರುತ್ತದೆ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಚಿಲ್ಲರೆ ಹಿಡಿಯುತ್ತದೆಂಬ ಉತ್ತರಕ್ಕೆ ನೀರು ಸಿಕ್ಕ ವರ್ಷದಿಂದ ನಮ್ಮ ಹೆಂಗಸರು ಅಡಿಗೆಯನ್ನೂ ಹಾಗೇ ಅಳೆಯುತ್ತಾರೆ: "ಬೇಳೆ ಇನ್ನೂ ಎರಡು ಬೆಳಕು ಬೇಯಲಿ ಬಿಡೆ." ಬೈಗುಳವೂ ಅಷ್ಟೆ. ಶುಕ್ರಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ಉದ್ದ. ಅದಕ್ಕೇ ನಮ್ಮಲ್ಲಿ ಯಾರಾದರೂ ಯಾರನ್ನಾದರೂ ಮನಸಾರೆ ಶಪಿಸಬೇಕೆಂದರೆ "ನಿನ್ನ ಬಾಳೆಲ್ಲ ಶುಕ್ರನ ಹಗಲಾಗ!" ಅನ್ನುತ್ತಾರೆ.

ಆದರೆ ಹೇಳುಮೆಟ್ಟಿಲು ಹತ್ತುವವರು ಮಾತ್ರ ಮೇಲುಗೇರಿಯವರು. ಅವರಲ್ಲೂ ಉತ್ತರದ ಮನೆಯವರು. ಅವರ ನಡುಮನೆಯಲ್ಲಿ ಏಳು ಬೀರು ತುಂಬ ಹೊತ್ತಿಗೆಗಳು. ಕತ್ತಲೆ ಎಂಬುದು ಒಂದು ವಸ್ತುವೋ ಅಥವಾ ಬೆಳಕಿಲ್ಲದಿರುವಿಕೆಯೋ ಎಂದು ಕಲ್ಲು ಒಮ್ಮೆ ಕೇಳಿ, ಊರು ಮೂರು ದಿನ ಬಾಯಾರಿದಾಗ, "ಬೆಳಕಿಲ್ಲದಿರುವಿಕೆ" ಎಂದು ಹೇಳಿ ನೀರು ತಂದವರು ಆ ಮನೆಯ ಈಗಿನ ಯಜಮಾನ ಭುಜಂಗರಾಯರ ತಾತ. ಆ ಕೀರ್ತಿಯ ಮೇಲೆ ಮೂರು ತಲೆಮಾರು ಕೂತು ಉಂಡಿದ್ದಾರೆ. ನಾವು ಕೆಳಗೇರಿಯವರು. ತೂಬಿನ ಹೂಳು ತೆಗೆಯುವವರು ನಾವು, ಬಂಡೆಗೆ ಹಾಕುವ ಚೆಂಡುಹೂವಿನ ಹಾರ ಕಟ್ಟುವವರು ನಾವು. ಆ ಮೆಟ್ಟಿಲನ್ನು ನಾವು ಗುಡಿಸಬಹುದಿತ್ತು. ಅದರ ಮೇಲೆ ನಿಂತು ಬಾಯಿ ತೆರೆಯುವ ಹಾಗಿರಲಿಲ್ಲ. ಕಾರಣ ಕೇಳಿದರೆ ಭುಜಂಗರಾಯರು ನಗುತ್ತಲೇ ಹೇಳುವರು: "ನಾವೇನು ಬೇಡ ಅಂದೆವೇ? ಕಲ್ಲಿಗೆ ಗ್ರಂಥದ ಮಾತೇ ತಿಳಿಯೋದು. ನಿಮ್ಮ ಮಾತು ಅದಕ್ಕೆ ಅರ್ಥವಾಗೋದಿಲ್ಲ." ಕಲ್ಲಿನ ಕಿವಿಯೊಳಗೆ ಇವರು ಹೊಕ್ಕು ನೋಡಿ ಬಂದಿದ್ದರೋ ಏನೋ.

ನಮಗೆ ಓದು ಬಂದದ್ದು ತಿಪ್ಪೇಶಣ್ಣನಿಂದ. ಸೈಕಲ್ ರಿಪೇರಿ ಮಾಡುವ ಮನುಷ್ಯ. ಮೇಲುಗೇರಿಯವರು ಗೆದ್ದಲು ಹಿಡಿದ ಪುಸ್ತಕಗಳನ್ನು ತಿಪ್ಪೆಗೆ ಹಾಕಿದಾಗಲೆಲ್ಲ ಕ್ಯಾರಿಯರಿನ ಮೇಲೆ ಹೇರಿಕೊಂಡು ಬಂದು ತನ್ನ ತಗಡಿನ ಶೆಡ್ಡಿನಲ್ಲಿ ಒಣಹಾಕುತ್ತಿದ್ದ. ಕೆಲಸ ಮುಗಿಸಿ ಬಂದವರು ಮಧ್ಯಾಹ್ನ ಅಲ್ಲಿ ಸೇರುತ್ತಿದ್ದೆವು. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಜಗಳ. ಗೆದ್ದಲು ತಿಂದು ಬಿಟ್ಟ ಪುಟಗಳನ್ನು ನಾವು ತಿಂದೆವು. ಕಳಿಂಗದ ಯುದ್ಧ ನಮಗೆ ಗೊತ್ತಿತ್ತು, ಅದು ಯಾವ ಶತಮಾನದ್ದೆಂಬ ಪುಟ ಮಾತ್ರ ಹುಳುವಿನ ಹೊಟ್ಟೆಯಲ್ಲಿತ್ತು. ಆದರೂ ಹತ್ತು ವರ್ಷದಲ್ಲಿ ಕೆಳಗೇರಿಯ ಅರವತ್ತು ಜನ ಆ ಬಂಡೆಯ ಮೇಲಿನ ಅಕ್ಷರವನ್ನು ತಾವೇ ಓದುವ ಹಾಗಾದರು. ನಾನು ಮಾದೇವಿ, ಆ ಬಳಗದಲ್ಲಿ ಎಲ್ಲರಿಗಿಂತ ಗಟ್ಟಿ ದನಿಯವಳು. ಬಳಗಕ್ಕೆ ಒಂದು ಕಟ್ಟಳೆ ಮಾಡಿದವಳೂ ನಾನೇ: ಪುಟ ತೋರಿಸಿ ಮಾತಾಡು. ಯಾರೇ ಏನೇ ಹೇಳಲಿ, ಅದು ಬರೆದಿರುವ ಪುಟವನ್ನು ಮುಂದಿಡಬೇಕು. ಇಲ್ಲದಿದ್ದರೆ ಸುಮ್ಮನೆ ಕೂರಬೇಕು. ಗಾಳಿಮಾತು, ಮೂಢಮಾತುಗಳ ಬಾಯಿ ಮುಚ್ಚಿಸಿದೆನೆಂದು ನನಗೆ ಬಹಳ ಹೆಮ್ಮೆಯಿತ್ತು.

ಆ ಬೆಳಗ್ಗೆ ಕಲ್ಲಿನ ಮೇಲೆ ಮೂಡಿದ್ದು ಇಷ್ಟೇ: ಚೆಂಡುಹೂವಿನಲ್ಲಿ ಹೂವೆಷ್ಟು?

ಓದಿದವರೆಲ್ಲ ನಕ್ಕರು. ಭುಜಂಗರಾಯರು ನಗಲಿಲ್ಲ. ಅಷ್ಟು ಸುಲಭದ್ದನ್ನು ಕಲ್ಲು ಕೇಳುವುದಿಲ್ಲವೆಂದು ಅವರಿಗೆ ಗುಮಾನಿ. ದೊಡ್ಡದೊಂದು ಹೂ ತರಿಸಿ, ಎಸಳು ಕಿತ್ತು ಎಣಿಸಿ, ಮೆಟ್ಟಿಲು ಹತ್ತಿ "ಇನ್ನೂರ ಹನ್ನೆರಡು" ಅಂದರು. ನೀರಿಲ್ಲ. ಮಾರನೆಯ ದಿನ ಅವರ ತಮ್ಮ ಇನ್ನೊಂದು ಹೂ ಎಣಿಸಿ "ನೂರ ಎಂಬತ್ತೇಳು" ಅಂದ. ನೀರಿಲ್ಲ. ಮೂರನೆಯ ದಿನ ತತ್ವಶಾಸ್ತ್ರದ ಬೀರು ತೆಗೆದರು. "ಶೂನ್ಯ, ಏಕೆಂದರೆ ಹೂವೆಂಬುದು ನೋಡುವವನ ಭ್ರಮೆ." ಕಲ್ಲಿಗೆ ಭ್ರಮೆ ಹಿಡಿಸಲಿಲ್ಲ. ನಾಲ್ಕನೆಯ ದಿನ "ಅನಂತ". ಐದನೆಯ ದಿನ ಏನೋ ಸಂಸ್ಕೃತದಲ್ಲಿ ಅಂದರು, ಅದೇನೆಂದು ಅವರಿಗೂ ಪೂರ್ತಿ ಗೊತ್ತಿದ್ದ ಹಾಗಿರಲಿಲ್ಲ. ಊರ ತೊಟ್ಟಿಗಳ ತಳ ಕಾಣಿಸಿತು. ತಳದ ನೀರು ಮೊದಲು ಯಾರಿಗೆ ಅಂತ ಬೇರೆ ಹೇಳಬೇಕೆ? ನಮ್ಮ ಕೇರಿಯ ಬಾಣಂತಿಯೊಬ್ಬಳು ಒದ್ದೆ ಬಟ್ಟೆ ಹಿಂಡಿ ಕೂಸಿನ ತುಟಿಗೆ ಹನಿ ಬಿಟ್ಟಳು. ಅದನ್ನು ನೋಡಿದ ಮೇಲೆ ನಾವು ಸುಮ್ಮನೆ ಕೂರಲಿಲ್ಲ.

ಆರನೆಯ ದಿನ ಕೇರಿಗೆ ಕೇರಿಯೇ ಖಾಲಿ ಕೊಡ ಹೊತ್ತು ಹೊರಟಿತು. ಕೊಡಗಳನ್ನು ಬಡಿಯುತ್ತಾ ಹೋದೆವು. ನೂರಾರು ಬರಿಗೊಡದ ಸದ್ದು ಕೇಳಿದವರಿಗೇ ಗೊತ್ತು, ಅದು ಹೊಟ್ಟೆಯೊಳಗಿಂದ ಬರುತ್ತದೆ. ಹೇಳುಮೆಟ್ಟಿಲ ಸುತ್ತ ಕೂತೆವು. ಮೇಲುಗೇರಿಯ ಒಬ್ಬನಿಗೂ ಹೆಜ್ಜೆ ಇಡಲು ಜಾಗ ಬಿಡಲಿಲ್ಲ.

"ಏನಿದು ಮಾದೇವಿ?" ಎಂದರು ಭುಜಂಗರಾಯರು.

"ಇವತ್ತು ಉತ್ತರ ನಾವು ಹೇಳ್ತೀವಿ ರಾಯರೇ."

"ಮೆಟ್ಟಿಲು ನಿಮ್ಮದಲ್ಲ."

ಆಗ ಬಾಯಿ ಹಾಕಿದ್ದು ಓಬಜ್ಜಿ. ಕೇರಿಗೆಲ್ಲ ಹಿರಿಯಳು, ಕಲ್ಲುಕುಟಿಗರ ಮನೆಯವಳು, ಹಲ್ಲಿಲ್ಲದಿದ್ದರೂ ಕಚ್ಚುವವಳು. "ಯಾರದ್ದಪ್ಪ ಹಂಗಾರೆ? ಈ ಮೆಟ್ಲು ಕಡಿದ ಕೈ ಯಾವ ಕೇರೀದು ಅಂತ ನಿನ್ನ ಬೀರೂನೇ ಒಂದ್ಸಲ ಕೇಳು."

"ಅದು ಯಾವ ಹೊತ್ತಿಗೆಯಲ್ಲೂ ಇಲ್ಲವಜ್ಜಿ," ಎಂದು ರಾಯರು ಕೈ ಒದರಿದರು.

ಬಿಸಿಲು ಏರಿತು. ನಾವು ಏಳಲಿಲ್ಲ. ಅವರ ಮನೆಯ ತೊಟ್ಟಿಯೂ ಬತ್ತಿತ್ತಲ್ಲ, ರಾಯರ ತುಟಿ ಒಡೆದಿತ್ತು. ಕೊನೆಗೆ ಮಾತಾಯಿತು. ನಮಗೆ ಎರಡು ದಿನ, ಎರಡು ಬಾಯಿ. ಗೆದ್ದರೆ ಮೆಟ್ಟಿಲು ಎರಡೂ ಕೇರಿಗೆ ಸೇರಿದ್ದು. ಸೋತರೆ ಇನ್ನು ಮೆಟ್ಟಿಲ ಸುದ್ದಿ ಎತ್ತಬಾರದು, ಬಳಗದ ಪುಸ್ತಕಗಳನ್ನೆಲ್ಲ ಉತ್ತರದ ಮನೆಗೆ ಒಪ್ಪಿಸಿ ಶೆಡ್ಡಿಗೆ ಬೀಗ ಹಾಕಬೇಕು. "ಓದಿ ಏನು ಕಡಿದು ಹಾಕಿದಿರೋ ನೋಡೇಬಿಡೋಣ," ಎಂದರು ರಾಯರು. ತಿಪ್ಪೇಶಣ್ಣ ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಉತ್ತರ ಹೇಳುವ ಬೆಳಗಿನ ಹೊತ್ತು ಅಷ್ಟರಲ್ಲಿ ಮೀರಿತ್ತು, ಹಾಗಾಗಿ ಮೊದಲ ಬಾಯಿ ನಾಳೆ ಬೆಳಗ್ಗೆ, ಆ ಬಾಯಿ ನನ್ನದು ಅಂತಾಯಿತು.

ಅವತ್ತು ಮಧ್ಯಾಹ್ನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಸಸ್ಯಶಾಸ್ತ್ರದ ಪುಸ್ತಕ ಬಿಡಿಸಿದೆ. ಹೂವಿಗೆ ನಾಲ್ಕು ಭಾಗ: ಪುಷ್ಪಪಾತ್ರೆ, ಎಸಳು, ಕೇಸರ, ಶಲಾಕೆ. ಪುಟ ಮೂವತ್ತೊಂದು. ಮೂವತ್ತೆರಡರಿಂದ ನಲವತ್ತರವರೆಗೆ ಗೆದ್ದಲು. "ನೋಡಿ," ಅಂದೆ, "ಎಸಳು ಎಷ್ಟಾದರೂ ಇರಲಿ, ಅದು ಹೂವಿನ ಭಾಗ, ಹೂವಲ್ಲ. ಅವರು ಎಸಳು ಎಣಿಸಿ ಕೆಟ್ಟರು. ಕಣ್ಣಿಗೆ ಕಾಣೋದನ್ನ ನೇರ ಹೇಳೋ ಧೈರ್ಯ ಅವರಿಗಿಲ್ಲ. ಉತ್ತರ ಒಂದು. ಒಂದೇ ಹೂವು." ಎಲ್ಲರೂ ತಲೆದೂಗಿದರು.

ಹಿಂದೆ ತಗಡಿಗೆ ಒರಗಿ ಕೂತು ಹಾರ ಕಟ್ಟುತ್ತಿದ್ದ ನಮ್ಮವ್ವ ತಲೆಯೆತ್ತಿದಳು. ಸಾಕವ್ವ ಅಂತ ಹೆಸರು. ಅಕ್ಷರ ಬರದು. ಐವತ್ತು ವರ್ಷ ಚೆಂಡುಹೂ ಬಿತ್ತಿ, ಬಿಡಿಸಿ, ಕಟ್ಟಿದ ಬೆರಳು, ಉಗುರಿನ ಸಂದಿಯ ಅರಿಶಿನ ಬಣ್ಣ ಸೋಪಿಗೂ ಹೋಗದು. "ಒಂದು ಅನ್ನಬ್ಯಾಡ ಕಣೆ ಮಾದಿ," ಅಂದಳು. "ಅದು ಒಂದಲ್ಲ."

"ಅವ್ವಾ, ಇದು ಹಾರ ಕಟ್ಟೋ ವಿಷಯ ಅಲ್ಲ, ವಿಜ್ಞಾನ. ಪುಟ ತೋರಿಸಿ ಮಾತಾಡು."

ಯಾರೋ ಕಿಸಕ್ಕನೆ ನಕ್ಕರು. ಅವ್ವ ದಾರವನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು.

ಬೆಳಗ್ಗೆ ನಾನು ಹೇಳುಮೆಟ್ಟಿಲು ಹತ್ತಿದೆ. ಏಳಡಿ ಅಗಲದ ಒಂದು ಕಲ್ಲು, ಅಷ್ಟೆ. ಆದರೆ ನಮ್ಮ ಕೇರಿಯ ಪಾದ ಪೊರಕೆಯಿಲ್ಲದೆ ಅದರ ಮೇಲೆ ನಿಂತದ್ದು ಅದೇ ಮೊದಲು. ನನ್ನ ಬೆನ್ನಿಗೆ ನಾನೂರು ಜನರ ಉಸಿರು ತಾಗುತ್ತಿತ್ತು. ರಾಯರು ಗ್ರಂಥದ ಮಾತು ಅಂದಿದ್ದರಲ್ಲ, ಅದಕ್ಕೇ ಅವರಿಗಿಂತ ಶುದ್ಧವಾಗಿ, ಒಂದು ಒತ್ತಕ್ಷರವೂ ಜಾರದ ಹಾಗೆ ಹೇಳಿದೆ: "ಚೆಂಡುಹೂವಿನಲ್ಲಿರುವ ಪುಷ್ಪಗಳ ಸಂಖ್ಯೆ ಒಂದು."

ತೂಬು ಕೆಮ್ಮಲೂ ಇಲ್ಲ.

ಮೇಲುಗೇರಿಯ ಕಡೆಯಿಂದ ಚಪ್ಪಾಳೆ ಬಂತು. ಬಾಯಾರಿ ಸಾಯುತ್ತಿದ್ದರೂ ಚಪ್ಪಾಳೆ ತಟ್ಟಿದರು, ಬರೆದಿಟ್ಟುಕೊಳ್ಳಿ. ರಾಯರು ಹತ್ತಿರ ಬಂದು ಮೆಲ್ಲಗೆ, ಬುದ್ಧಿ ಹೇಳುವ ದನಿಯಲ್ಲಿ ಅಂದರು: "ಉತ್ತರ ತಪ್ಪೋ ಸರಿಯೋ, ನನಗೂ ಗೊತ್ತಿಲ್ಲಮ್ಮ. ಆದರೆ ಬಾಯಿ ತಪ್ಪು. ಕಲ್ಲು ಕುಲ ನೋಡುತ್ತೆ." ನಾನು ಮೆಟ್ಟಿಲಿಳಿದೆ. ಬಾಣಂತಿಯ ಕೂಸು ಅಳುತ್ತಿತ್ತು, ಅದರ ಅಳುವಿಗೆ ಕಣ್ಣೀರಿರಲಿಲ್ಲ.

ಮಧ್ಯಾಹ್ನದ ಬಳಗದಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದದ್ದು ಒಂದು ಬಾಯಿ. ತಿಪ್ಪೇಶಣ್ಣನೇ ಹತ್ತಬೇಕೆಂದು ಎಲ್ಲರೂ ಅಂದರು, ಅವನಿಗೆ ದೇಶ ದೇಶದ ರಾಜಧಾನಿಗಳು ಬಾಯಿಪಾಠ. "ರಾಜಧಾನಿ ಕೇಳಿದ್ರೆ ಹೇಳ್ತಿದ್ದೆ ಕಣ್ರಪ್ಪಾ," ಅಂದ ಅವನು, ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತಾ. "ಹೂವಿನ ಸಂಗ್ತಿ ನನಗೇನು ಗೊತ್ತು?"

ಒಂದು ಮಾತು ಬೆಳಗ್ಗೆಯಿಂದ ನನ್ನನ್ನು ಕೊರೆಯುತ್ತಿತ್ತು. ಅದನ್ನು ಕಿತ್ತು ಹೊರಗೆ ಹಾಕುವಷ್ಟರಲ್ಲಿ ಅರ್ಧ ಬೆಳಕಾದರೂ ಕಳೆದಿರಬೇಕು. ಎದ್ದು ನಿಂತೆ. "ನಿನ್ನೆ ಅವ್ವ ಒಂದಲ್ಲ ಅಂದಳು," ಅಂದೆ. "ನಾನು ಬಾಯಿ ಮುಚ್ಚಿಸಿದೆ. ಅವರು ಮೆಟ್ಟಿಲಿಟ್ಟುಕೊಂಡು ನಮ್ಮ ಬಾಯಿ ಮುಚ್ಚಿಸಿದರು. ನಾನು ಪುಟ ಇಟ್ಟುಕೊಂಡು ಅವ್ವನ ಬಾಯಿ ಮುಚ್ಚಿಸಿದೆ. ನಮ್ಮ ಶೆಡ್ಡಿನಲ್ಲೂ ಒಂದು ಹೇಳುಮೆಟ್ಟಿಲು ಕಟ್ಟಿದ್ದು ನಾನು."

ಅವ್ವ ಹೂವಿನ ಬುಟ್ಟಿಯಿಂದ ಕಣ್ಣೆತ್ತಲಿಲ್ಲ.

"ನೀನೇ ಹತ್ತಬೇಕವ್ವ."

"ನಾನ್ಯಾಕೆ ಹತ್ಲಿ? ಓದುಬರಹ ಇಲ್ದೋಳು ಹತ್ತಿದ್ರೆ ನಿಮ್ಮ ಬಳಗದ ಮಾನ ಏನಾಗ್ಬೇಕು?"

"ಅವ್ವಾ..."

"ನನ್ನ ಹತ್ರ ಪುಟ ಇಲ್ಲ ಕಣಮ್ಮ."

ಆ 'ಅಮ್ಮ' ಕೆನ್ನೆಗೆ ಬಾರಿಸಿದ ಹಾಗಿತ್ತು. ನಾನು ಎಲ್ಲರೆದುರು ಅವಳ ಮುಂದೆ ನೆಲಕ್ಕೆ ಕೂತೆ. "ತಪ್ಪಾಯ್ತು ಕಣವ್ವ. ನನಗೆ ಕಲಿಸು. ಯಾಕೆ ಒಂದಲ್ಲ?"

ಅವಳ ಕೋಪವೂ ಅವಳ ಗಂಟಿನ ಹಾಗೆ, ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಕೊನೆಗೆ ಬುಟ್ಟಿಯ ತಳದಿಂದ ಬಾಡಿ ಒಣಗಿದ ಒಂದು ಚೆಂಡುಹೂ ಆರಿಸಿ, ಎಡಗೈಯಲ್ಲಿ ಹಿಡಿದು, ಸರಕ್ಕನೆ ಸೀಳಿ ಅಂಗೈ ಬಿಡಿಸಿ ಮುಂದೆ ಚಾಚಿದಳು. "ತಗಾ. ನನ್ನ ಪುಟ ಇದು. ಓದು."

ಅರವತ್ತು ತಲೆಗಳು ಆ ಅಂಗೈ ಮೇಲೆ ಬಾಗಿದವು. ಓದಿದೆವು.

ಎಂಟನೆಯ ದಿನದ ಬೆಳಗ್ಗೆ ಅವ್ವ ಮೆಟ್ಟಿಲ ಹತ್ತಿರ ಬಂದಾಗ ಉತ್ತರದ ಮನೆಯವರು ನಕ್ಕರು. ನಗಲಿ. ಅವಳು ಒಗೆದ ಸೀರೆ ಉಟ್ಟಿರಲಿಲ್ಲ, ಒಗೆಯಲು ನೀರೆಲ್ಲಿತ್ತು? ಮಡಿಲಲ್ಲಿ ಒಂದು ಹೂವು. "ಸಾಕವ್ವ," ಎಂದರು ರಾಯರು, "ಮಗಳ ಅಷ್ಟು ಒಳ್ಳೇ ಭಾಷೆಗೇ ಒಲಿಯಲಿಲ್ಲ. ನಿನ್ನ ಮಾತು ಕಲ್ಲಿಗೆ ತಿಳಿಯುತ್ತೇನು?"

"ತಿಳೀದಿದ್ರೆ ಇನ್ನೊಂದಪ ಹೇಳ್ತೀನಿ ಬಿಡ್ರಿ," ಅಂದಳು ಅವ್ವ. "ಕೂಸಿಗೆ ಹೇಳಾಕಿಲ್ವೇ, ಹಂಗೆ."

ಅವಳು ಹತ್ತಿದಳು. ಕೈ ಮುಗಿಯಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಸಂತೆಯಲ್ಲಿ ಗಿರಾಕಿಗೆ ಹೂ ತೋರಿಸುವ ಹಾಗೆ ಕಲ್ಲಿನ ಮುಂದೆ ಹೂ ಹಿಡಿದು ಸೀಳಿದಳು. "ನೋಡು, ಎಸಳು ಅಂತಾರಲ್ಲ, ಇವು ಎಸಳಲ್ಲ. ಒಂದೊಂದೂ ಹೂವೇ. ಒಂದೊಂದರ ಬುಡದಾಗೂ ಕರ್ರಗೆ ಸೂಜಿಯಂಗೆ ಒಂದು ಬೀಜ ಐತೆ. ಹೂವಲ್ದಿದ್ರೆ ಬೀಜ ಎಲ್ಲಿಂದ ಬಂತು? ಇಲ್ಲಿ ನಡುಮಧ್ಯ ಯಾರ ಕಣ್ಣಿಗೂ ಬೀಳದಂಗೆ ಕುಂತಾವಲ್ಲ ಸಣ್ಣ ಸಣ್ಣವು, ಇವೂ ಹೂವೇ, ಇವುಕ್ಕೂ ಬೀಜ ಐತೆ. ಒಂದು ಗಿಡದ ಹೂವಿನಾಗೆ ಇರೋ ಲೆಕ್ಕ ಇನ್ನೊಂದರಾಗೆ ಇರಾಕಿಲ್ಲ. ಎಷ್ಟು ಬುಡ ಅದಾವೋ ಅಷ್ಟು ಹೂವು. ಇದು ಒಂದು ಹೂವಲ್ಲಪ್ಪಾ. ಹೂವಿನ ಕೇರಿ."

ರಾಯರು ಉಸಿರೆಳೆದುಕೊಂಡು ಏನೋ ಹೇಳಲು ಹೊರಟರು.

ತೂಬು ಕೆಮ್ಮಿತು. ಎಂಟು ದಿನದ ಗಾಳಿ ಉಗುಳಿ, ಮಣ್ಣು ಉಗುಳಿ, ಆಮೇಲೆ ತೊಡೆಗಾತ್ರದ ನೀರು ಹೊರಗೆ ಹಾರಿತು. ಅಷ್ಟು ರಭಸ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೊಡಗಳು ಉರುಳಿದವು. ಬಾಣಂತಿ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಓಡಿದಳು, ಮೇಲುಗೇರಿಯವರು ಮೊದಲೆಂಬ ಸಾಲು ಆ ನೀರಲ್ಲೇ ಕೊಚ್ಚಿಹೋಯಿತು. ಅವ್ವ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಒದ್ದೆಯಾದ ಅಂಗೈಯನ್ನು ಸೀರೆಗೆ ಒರೆಸಿಕೊಂಡು ರಾಯರ ಕಡೆ ತಿರುಗಿ, ಬೈಗುಳವಿಲ್ಲದ ದನಿಯಲ್ಲಿ ಅಂದಳು: "ನೀವು ಹಾರ ಹಾಕ್ಕಂಡೋರು ರಾಯರೇ. ಬಿತ್ತಿದೋರಲ್ಲ. ಅದಕ್ಕೆ ಗೊತ್ತಾಗ್ಲಿಲ್ಲ ಬಿಡ್ರಿ."

ನಾನು ಅವತ್ತು ಕುಡಿದ ನೀರಿನ ರುಚಿಯನ್ನು ಬರೆಯಲು ಹೋಗುವುದಿಲ್ಲ. ಸಂಜೆ ಶೆಡ್ಡಿಗೆ ಹೋಗಿ, ಗೋಡೆಯ ಮೇಲೆ ನಾನೇ ಸುಣ್ಣದಲ್ಲಿ ಬರೆದಿದ್ದ 'ಪುಟ ತೋರಿಸಿ ಮಾತಾಡು' ಎಂಬುದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಪುಸ್ತಕಗಳು ಅಲ್ಲೇ ಇವೆ. ಅವುಗಳ ಪಕ್ಕದಲ್ಲಿ ಈಗ ಬೀಜದ ಡಬ್ಬಿಗಳೂ ಇವೆ. ಅವ್ವ ಅಕ್ಷರ ಕಲಿಯಲು ಶುರುಮಾಡಿದ್ದಾಳೆ. "ನೀನು ನನ್ನದು ಓದಿದೆ, ನಾನು ನಿನ್ನದು ಓದ್ತೀನಿ," ಅನ್ನುತ್ತಾಳೆ. ಒತ್ತಕ್ಷರ ಕಂಡರೆ ಈಗಲೂ ಬಯ್ಯುತ್ತಾಳೆ.

ಆದರೆ ಹೇಳಲೇಬೇಕಾದ್ದು ಒಂಬತ್ತನೆಯ ದಿನದ ಬೆಳಗ್ಗೆಯದು. ಎರಡೂ ಕೇರಿಯವರು ಮೊದಲ ಸಲ ಒಟ್ಟಿಗೆ ಕಲ್ಲಿನ ಮುಂದೆ ನಿಂತಿದ್ದೆವು, ನಡುವೆ ಒಂದು ಮಾರು ಜಾಗ ಬಿಟ್ಟುಕೊಂಡೇ ನಿಂತಿದ್ದೆವು ಅನ್ನಿ. ಬೆಳಕು ಹರಿದಂತೆ ಬಂಡೆ ಬೆವರಿತು. ಅಕ್ಷರ ಒಂದೊಂದಾಗಿ ಮೂಡಿದವು. ನಮ್ಮವರು ತುಟಿಯಲ್ಲೇ ಓದಿಕೊಂಡರು. ಈ ಮೆಟ್ಟಿಲು ಕಡಿದವರು ಯಾರು?

ಭುಜಂಗರಾಯರು ಎರಡು ಸಲ ಓದಿದರು. ಅವರ ತಮ್ಮ ಓಡಿಹೋಗಿ ಏಳೂ ಬೀರು ತೆರೆದು ನೋಡಿ, ಧೂಳು ಮೆತ್ತಿದ ಕೈಯಲ್ಲಿ ವಾಪಸು ಬಂದು ತಲೆ ಅಲ್ಲಾಡಿಸಿದ. ಅವರ ಹೊತ್ತಿಗೆಗಳಲ್ಲಿ ಚರಿತ್ರೆ ಶುರುವಾಗುವುದು ಮೆಟ್ಟಿಲ ಮೇಲೆ ಮೊದಲು ನಿಂತವನಿಂದ. ಅದನ್ನು ಹೊತ್ತು ತಂದವರಿಂದಲ್ಲ, ಕಡಿದವರಿಂದಂತೂ ಅಲ್ಲ. ನಮ್ಮ ಕೇರಿಯಲ್ಲಿ ಆಗಲೇ ಗುಜುಗುಜು. ನಮ್ಮ ಮನೆ ಮನೆಯ ಬೀಸುಕಲ್ಲಿನ ಅಂಚಿನಲ್ಲಿ ಮೂರು ಗೆರೆಯ ಒಂದು ಉಳಿಗುರುತಿದೆ. ಪೊರಕೆ ಹಿಡಿದು ಬಗ್ಗಿದವರಿಗೆಲ್ಲ ಗೊತ್ತು, ಹೇಳುಮೆಟ್ಟಿಲ ಅಡಿಯಂಚಿನಲ್ಲೂ ಅದೇ ಗುರುತು. ಅದು ಯಾರ ಮನೆಯ ಉಳಿಯದೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲು ನೂಕುನುಗ್ಗಲು.

ರಾಯರು ಮೆಟ್ಟಿಲ ಪಕ್ಕದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಬದುಕಿನಲ್ಲಿ ಮೊದಲ ಸಲ ನಮ್ಮಿಂದ ಉತ್ತರ ಬೇಡುತ್ತಾ, "ನಿಮ್ಮಲ್ಲಿ... ಯಾರಾದರೂ ಹೇಳ್ತೀರಾ?" ಎಂದು ಕೇಳಿದರು.

"ಯಾಕಪ್ಪಾ," ಅಂದಳು ಓಬಜ್ಜಿ, ಜನವನ್ನು ಕೋಲಿನಲ್ಲಿ ಪಕ್ಕಕ್ಕೆ ತಳ್ಳುತ್ತಾ ಮುಂದೆ ಬಂದು, "ಪುಟ ತೋರಿಸ್ಬೇಕಾ?"

ನಮ್ಮವರು ನಕ್ಕ ನಗು ಮೇಲುಗೇರಿಯ ಮಾಳಿಗೆಗಳಿಗೆ ತಾಗಿ ವಾಪಸು ಬಂತು. ಅಜ್ಜಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡಳು. ನಾನು ಆಸರೆಗೆ ಕೈ ಚಾಚಿದೆ. ಅವಳು ಕೋಲನ್ನು ನನ್ನ ಕೈಗೆ ಕೊಟ್ಟಳು, ತನ್ನ ಕೈಯನ್ನಲ್ಲ.

"ಬಿಡೇ," ಅಂದಳು. "ನಮ್ಮಜ್ಜ ಕಡಿದ ಮೆಟ್ಲು. ನನ್ನ ಕಾಲಿಗೆ ಗುರ್ತು ಐತೆ."

ಅವಳಿನ್ನೂ ಬಾಯಿ ತೆರೆದಿರಲಿಲ್ಲ. ಕೆಳಗೆ ನಮ್ಮ ಹೆಂಗಸರು ಆಗಲೇ ಕೊಡಗಳ ಬಾಯನ್ನು ತೂಬಿನ ಕಡೆಗೆ ತಿರುಗಿಸಿ ಇಡುತ್ತಿದ್ದರು.